ಪರದೆಯ ಹಿಂದಿನ ದೀಪ

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದಿರುವ ಎಲ್‌ಇಡಿ ಪಟ್ಟಿಯ ಬೆಳಕನ್ನು ಚುಕ್ಕಿ ಚುಕ್ಕಿಯಲ್ಲೂ ತಡೆದೋ ಬಿಟ್ಟೋ ಚಿತ್ರ ಮೂಡಿಸುತ್ತದೆ, ಅಷ್ಟೇ. ಹಳೆಯ ಯಂತ್ರಗಳಲ್ಲಿ ಆ ಜಾಗದಲ್ಲಿ ಕಡ್ಡಿಯಷ್ಟು ತೆಳ್ಳನೆಯ ಟ್ಯೂಬ್‌ಲೈಟೇ ಇರುತ್ತಿತ್ತು.

ಪ್ರಬಂಧ ಒಪ್ಪಿಸಬೇಕಾದ ವಾರವೇ ತಂಗಿಯ ಪರದೆ ಕಪ್ಪಾಯಿತು. ‘ಪರದೆಯೇ ಹೋಗಿದೆ, ಹೊಸದು ಹಾಕಿಸಿ’ ಎಂದರು ಅಂಗಡಿಯವರು. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ಅವಳು ಬರೆದ ಸಾಲುಗಳು ಮಸುಕಾಗಿ ಅಲ್ಲೇ ಇದ್ದವು. ಅಂದರೆ ಚಿತ್ರ ಬರುತ್ತಿದೆ, ದೀಪವಷ್ಟೇ ಇಲ್ಲ. ಮುಚ್ಚಳ ಆಡಿಸಿದಾಗ ಒಮ್ಮೆ ಮಿಣುಕಿತು. ಅನುಮಾನ ಕೀಲಿನ ಸಂದಿಯಲ್ಲಿ ಹಾಯುವ ಕೇಬಲ್ ಮೇಲೆ ಹೋಯಿತು. ಬಿಚ್ಚಿ ನೋಡಿದರೆ ಸವೆದಿತ್ತು. ಬ್ಯಾಟರಿ ಕಳಚಿಟ್ಟು ಕೇಬಲ್ ಬದಲಿಸಿದೆವು. ಪರದೆ ಹಳೆಯದೇ ಉಳಿಯಿತು.

ಲಕ್ವ ಹೊಡೆದು ಮಾತು ನಿಂತ ಅಜ್ಜನ ಎದುರು ಕೂತಾಗ ಈಗೀಗ ನನಗೆ ಆ ಮಸುಕು ಸಾಲುಗಳು ನೆನಪಾಗುತ್ತವೆ.