ಫ್ಲಾರೆನ್ಸಿನಲ್ಲಿ ಮೂರು ದಿನ

ಇಟಲಿ ದೇಶದ ನಡುಭಾಗದಲ್ಲಿ ಅರ್ನೋ ಎಂಬ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ಊರು ಫ್ಲಾರೆನ್ಸ್. ಆ ನಾಡಿನವರು ತಮ್ಮ ನುಡಿಯಲ್ಲಿ ಅದನ್ನು ಫಿರೆಂಜೆ ಎನ್ನುತ್ತಾರೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಅರವತ್ತು ದಾಟಿದ ಮೇಲೆ ಈ ಊರನ್ನು ಕಾಣುವ ಯೋಗ ಒದಗಿತು. ನಮ್ಮಲ್ಲಿ ಓದಿ, ಈಗ ಜರ್ಮನಿಯಲ್ಲಿ ಎಂಜಿನಿಯರರಾಗಿರುವ ಶಿಷ್ಯರೊಬ್ಬರು ತಮ್ಮ ಕುಟುಂಬದೊಡನೆ ನಮ್ಮನ್ನೂ ಅಲ್ಲಿಗೆ ಕರೆದೊಯ್ದರು. ಅಲ್ಲಿ ಅವರ ಹತ್ತು ವರ್ಷದ ಮಗಳು ಕೇಳಿದ ಒಂದು ಪ್ರಶ್ನೆಯೇ ಈ ಬರೆಹಕ್ಕೆ ಕಾರಣವಾಯಿತು.

ಊರಿನ ಮೇಲೆ ಮೊದಲು ಕಣ್ಣಿಗೆ ಬೀಳುವುದು ಪ್ರಧಾನ ಚರ್ಚಿನ ಕೆಂಪು ಹೆಂಚಿನ ಗುಮ್ಮಟ. ಫಿಲಿಪ್ಪೋ ಬ್ರುನೆಲೆಸ್ಕಿ ಎಂಬವನು 1420ರಲ್ಲಿ ಕೆಲಸ ಹಿಡಿದು 1436ರಲ್ಲಿ ಇದನ್ನು ಪೂರೈಸಿದನು. ಆತ ಮೊದಲು ಕಲಿತದ್ದು ಅಕ್ಕಸಾಲಿಗನ ವಿದ್ಯೆಯನ್ನು! ಗುಮ್ಮಟದ ಒಳಗಿನ ಅಗಲ ಸುಮಾರು 45 ಮೀಟರು. ಕಮಾನು ಕಟ್ಟುವಾಗ ನೆಲದಿಂದ ಮರದ ಆಸರೆ ಕೊಡುವುದು ವಾಡಿಕೆ. ಅಷ್ಟು ಅಗಲಕ್ಕೆ ಸಾಲುವ ಮರವನ್ನು ಎಲ್ಲಿಂದ ತರುವುದು? ಬ್ರುನೆಲೆಸ್ಕಿಯು ಒಂದರೊಳಗೊಂದು ಎರಡು ಗುಮ್ಮಟಗಳನ್ನು ಯೋಜಿಸಿ, ಇಟ್ಟಿಗೆಗಳನ್ನು ಅಡ್ಡಲಾಗಿಯೂ ನಿಲುವಾಗಿಯೂ ಹೆಣೆದು, ಒಂದೊಂದು ಸುತ್ತೂ ತನ್ನ ಭಾರವನ್ನು ತಾನೇ ಹೊರುವಂತೆ ಮಾಡಿದನು. ಮೇಲಕ್ಕೆ 463 ಮೆಟ್ಟಿಲುಗಳುಂಟು. ನಮ್ಮ ಮೊಣಕಾಲು ಒಪ್ಪಲಿಲ್ಲ. ತಂದೆ ಮಗಳು ಹತ್ತಿ ಬಂದರು. ನಾವು ಕೆಳಗೆ ಕುಳಿತು ನೋಡಿದೆವು.

ಗುಮ್ಮಟದ ತುದಿಯಲ್ಲಿ, ಸುಮಾರು 90 ಮೀಟರ್ ಎತ್ತರದಲ್ಲಿ, ರಂಧ್ರವುಳ್ಳ ಒಂದು ಕಂಚಿನ ತಗಡು ಇದೆ. ಬೇಸಗೆಯ ನಡುವಿನಲ್ಲಿ, ಹಗಲು ಅತಿ ದೀರ್ಘವಾಗುವ ದಿನಗಳ ಆಸುಪಾಸಿನಲ್ಲಿ, ನಡುಹಗಲ ಬಿಸಿಲು ಅದರ ಮೂಲಕ ಇಳಿದು ನೆಲದ ಅಮೃತಶಿಲೆಯ ಮೇಲೆ ಬೀಳುತ್ತದೆ. ಸೂರ್ಯನ ಗತಿಯನ್ನು ಅಳೆಯಲು ಪಾವ್ಲೋ ತೋಸ್ಕನೆಲ್ಲಿ ಎಂಬ ವಿದ್ವಾಂಸನು 1475ರ ಸುಮಾರಿಗೆ ಮಾಡಿದ ವ್ಯವಸ್ಥೆಯಿದು. ಇದೇ ತೋಸ್ಕನೆಲ್ಲಿಯು 1474ರಲ್ಲಿ ಪೋರ್ಚುಗಲ್ಲಿಗೆ ಪತ್ರ ಬರೆದು, ಪಶ್ಚಿಮಕ್ಕೆ ಹಡಗು ನಡೆಸಿದರೂ ಏಷ್ಯವನ್ನು ಸೇರಬಹುದೆಂದು ಸೂಚಿಸಿದನು. ಕಡಲಿನ ಅಗಲವನ್ನು ಆತ ಬಹಳ ಕಡಿಮೆಯೆಂದು ಎಣಿಸಿದ್ದನು. ಆ ಪತ್ರದ ಪ್ರತಿ ಕೊಲಂಬಸನ ಕೈಸೇರಿತ್ತು. 1492ರಲ್ಲಿ ಆತ ಹೊರಟದ್ದು ಇಂಥದೇ ತಪ್ಪು ಲೆಕ್ಕದ ಮೇಲೆ. ತಲುಪಿದ್ದು ತಾನು ಎಣಿಸದಿದ್ದ ನಾಡಿಗೆ. ಆ ನಾಡಿಗೆ ಹೆಸರಾದವನು ಮತ್ತೊಬ್ಬ ಫ್ಲಾರೆನ್ಸಿಗ, ಅಮೆರಿಗೋ ವೆಸ್ಪುಚಿ. 1507ರ ಒಂದು ಭೂಪಟದಲ್ಲಿ ಅಮೆರಿಕಾ ಎಂಬ ಹೆಸರು ಕಾಣಿಸಿಕೊಂಡಿತು.

ಇದೇ ಊರಿನ ಇನ್ನೊಬ್ಬ ಪಯಣಿಗನ ಹೆಸರು ನಮ್ಮ ಓದುಗರಿಗೆ ತಿಳಿದಿರಬೇಕು. ಫಿಲಿಪ್ಪೋ ಸಸ್ಸೆಟ್ಟಿ ಎಂಬ ವರ್ತಕನು 1583ರಲ್ಲಿ ಭಾರತಕ್ಕೆ ಬಂದು, ಕೊಚ್ಚಿ ಮತ್ತು ಗೋವೆಗಳಲ್ಲಿ ಮೆಣಸಿನ ವ್ಯಾಪಾರದಲ್ಲಿದ್ದು, 1588ರಲ್ಲಿ ಗೋವೆಯಲ್ಲೇ ತೀರಿಕೊಂಡನು. ಆತ ತನ್ನೂರಿನ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಸಂಸ್ಕೃತದ ಕೆಲವು ಶಬ್ದಗಳು ಇಟಲಿಯ ಶಬ್ದಗಳನ್ನು ಹೋಲುತ್ತವೆ ಎಂದು ಗುರುತಿಸಿದ್ದಾನೆ. ನಮ್ಮ ದೇವ ಅವರ ದಿಯೋ; ಸರ್ಪ ಅವರ ಸೆರ್ಪೆ; ಸಪ್ತ, ಅಷ್ಟ, ನವ ಎಂಬುವು ಅವರ ಸೆತ್ತೆ, ಒತ್ತೋ, ನೋವೆ. ಈ ಬಗೆಯ ನಂಟನ್ನು ವಿಲಿಯಂ ಜೋನ್ಸನು ವಿದ್ವತ್ಸಭೆಯ ಮುಂದಿಟ್ಟದ್ದು 1786ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಒಬ್ಬ ಮೆಣಸಿನ ವ್ಯಾಪಾರಿ ಕಿವಿಗೊಟ್ಟು ಕೇಳಿದ್ದನು. ಅಂಗಡಿಯಲ್ಲಿ ಆ ಎಣಿಕೆಯನ್ನು ಕೇಳಿದಾಗ ನಮಗೂ ನಗು ಬಂದಿತು. ಫ್ಲಾರೆನ್ಸಿನವರ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಶಿಷ್ಯರ ಮನೆಯವರು ಚೀಲದಲ್ಲಿ ತಂದಿದ್ದ ಚಟ್ನಿಪುಡಿ ಅಂದು ಬಹಳ ಉಪಕಾರ ಮಾಡಿತು.

ಎರಡನೆಯ ದಿನ ಸಾಂತಾ ಮರಿಯಾ ನೊವೆಲ್ಲಾ ಎಂಬ ಚರ್ಚಿನ ಮುಂದೆ ನಿಂತೆವು. ಅದರ ಎದುರುಗೋಡೆಯ ಮೇಲೆಯೇ ಖಗೋಳದ ಎರಡು ಉಪಕರಣಗಳಿವೆ. 1572 ಮತ್ತು 1574ರಲ್ಲಿ ಅವನ್ನು ಅಲ್ಲಿರಿಸಿದವನು ಎನ್ಯಾಚಿಯೋ ದಾಂತಿ ಎಂಬ ಸಂನ್ಯಾಸಿ. ಹಳೆಯ ಪಂಚಾಂಗ ಋತುಗಳಿಂದ ಹತ್ತು ದಿನ ಜಾರಿತ್ತೆಂಬುದನ್ನು ಇಂಥ ಅಳತೆಗಳು ತೋರಿಸಿಕೊಟ್ಟವು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯು ಅದನ್ನು ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ಇಂದು ನಮ್ಮ ಮನೆಗಳ ಗೋಡೆಗಳಲ್ಲಿ ತೂಗುವ ಕ್ಯಾಲೆಂಡರು ಅದೇ. ಧರ್ಮಪೀಠವು ಆಕಾಶವನ್ನು ನೋಡಲೊಲ್ಲದು ಎಂಬ ಮಾತು ಪೂರ್ಣ ನಿಜವಲ್ಲವೆಂದು ಈ ಗೋಡೆಯೇ ಹೇಳುತ್ತದೆ. ಆದರೆ ಪಂಚಾಂಗ ತಿದ್ದಿದ ಐವತ್ತೊಂದು ವರ್ಷಕ್ಕೆ ಅದೇ ಪೀಠವು ಆಕಾಶ ನೋಡಿದ ಒಬ್ಬ ಮುದುಕನನ್ನು ಮಂಡಿಯೂರಿಸಿತು ಎಂಬುದೂ ಅಷ್ಟೇ ನಿಜ.

ಆ ಮುದುಕನೇ ಗೆಲಿಲಿಯೋ ಗೆಲಿಲೀ. ಅರ್ನೋ ನದಿಯ ದಡದ ವಸ್ತುಸಂಗ್ರಹಾಲಯದಲ್ಲಿ ಆತನ ಎರಡು ದೂರದರ್ಶಕಗಳಿವೆ. ಅವುಗಳ ಪಕ್ಕದಲ್ಲಿ ದಂತದ ಚೌಕಟ್ಟಿನೊಳಗೆ ಒಂದು ಒಡೆದ ಮಸೂರ. 1610ರ ಜನವರಿಯಲ್ಲಿ ಗುರುಗ್ರಹವನ್ನು ಸುತ್ತುವ ನಾಲ್ಕು ಚಂದ್ರರನ್ನು ಮನುಷ್ಯನ ಕಣ್ಣಿಗೆ ತೋರಿಸಿದ ಗಾಜು ಇದು. ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ನಂಬಿಕೆಗೆ ಅಂದೇ ಬಿರುಕು ಬಿದ್ದಿತು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟನು 1609ರಲ್ಲಿ ಗೆಲಿಲಿಯೋಗಿಂತ ಮೊದಲೇ ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರ ಬರೆದಿದ್ದನು. ಆದರೆ ಆ ಕಲೆಗಳು ಏನೆಂದು ಅವನಿಗೆ ಹೊಳೆಯಲಿಲ್ಲ. ಗೆಲಿಲಿಯೋ ಚಿತ್ರಕಲೆ ಬಲ್ಲವನು. ಬೆಳಕು ಒಂದು ಕಡೆಯಿಂದ ಬಿದ್ದರೆ ನೆರಳು ಹೇಗೆ ನಿಲ್ಲುವುದೆಂಬುದನ್ನು ಅರಿತವನು. ಆದ್ದರಿಂದ ಅವು ಬೆಟ್ಟಗಳ ನೆರಳೆಂದು ಕಂಡುಕೊಂಡನು. ಶಾಸ್ತ್ರಕ್ಕೆ ಕಲೆ ಕಣ್ಣು ಕೊಟ್ಟ ಪರಿ ಇದು.

ಅಲ್ಲಿಯೇ ಗಾಜಿನ ಕರಂಡದಲ್ಲಿ ಗೆಲಿಲಿಯೋನ ಬಲಗೈಯ ನಡುಬೆರಳು ಇದೆ. 1737ರಲ್ಲಿ ಅವನ ಶರೀರವನ್ನು ಹೊಸ ಸಮಾಧಿಗೆ ಸಾಗಿಸುವಾಗ ಅಭಿಮಾನಿಗಳು ತೆಗೆದಿಟ್ಟುಕೊಂಡದ್ದು. ಮಗುವಿಗೆ ಅದನ್ನು ತೋರಿಸುತ್ತಾ ನಾವು, ಹಲವು ವರ್ಷ ಉಪನ್ಯಾಸಗಳಲ್ಲಿ ಹೇಳಿಕೊಂಡು ಬಂದ ಕಥೆಯನ್ನೇ ಹೇಳತೊಡಗಿದೆವು. 1633ರ ಜೂನ್ 22ರಂದು ರೋಮಿನಲ್ಲಿ, ಭೂಮಿ ಚಲಿಸುವುದೆಂಬ ಮತವನ್ನು ತ್ಯಜಿಸಿದೆನೆಂದು ಮಂಡಿಯೂರಿ ಓದಿದ ಮೇಲೆ, ಗೆಲಿಲಿಯೋ ಎದ್ದು ನಿಂತು, ಆದರೂ ಅದು ಚಲಿಸುತ್ತದೆ ಎಂದು ಮೆಲ್ಲಗೆ ನುಡಿದನೆಂಬ ಕಥೆ. ಶಿಷ್ಯರು ಸಂಕೋಚದಿಂದ, "ಗುರುಗಳೇ, ಆ ಮಾತನ್ನು ಅಂದು ಕೇಳಿದವರು ಯಾರೂ ಬರೆದಿಟ್ಟಿಲ್ಲವಂತೆ. ಅದು ಅಚ್ಚಿನಲ್ಲಿ ಬಂದದ್ದು 1757ರಲ್ಲಿ, ಲಂಡನ್ನಿನಲ್ಲಿ" ಎಂದರು.

ಮಗು ನಮ್ಮ ಮುಖ ನೋಡಿ ಕೇಳಿತು: "ಅಜ್ಜಾರೆ, ಹಾಗಾದರೆ ಅವನು ಸುಳ್ಳು ಹೇಳಿ ಸುಮ್ಮನಾದನೇ?"

ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇವೆ ಎಂದೆವು.

ಮೂರನೆಯ ದಿನ ಊರಿನ ದಕ್ಷಿಣದ ಗುಡ್ಡವನ್ನೇರಿ ಆರ್ಚೆತ್ರಿಗೆ ಹೋದೆವು. ಎರಡೂ ಬದಿ ಕಲ್ಲುಗೋಡೆ, ಅದರಾಚೆ ಆಲಿವ್ ಮರಗಳು. ಗೆಲಿಲಿಯೋ ಗೃಹಬಂಧನದಲ್ಲಿದ್ದ ಮನೆ ಅಲ್ಲಿದೆ. ಗೋಡೆಯಲ್ಲಿ ಅವನ ಅರ್ಧಪ್ರತಿಮೆಯಿದೆ. ನಾವು ಹೊರಗಿನಿಂದಲೇ ನೋಡಿದೆವು. ಈ ಮನೆಯನ್ನು ಅವನು 1631ರಲ್ಲಿ ಹಿಡಿದದ್ದು, ಹತ್ತಿರದ ಸಂನ್ಯಾಸಿನಿಯರ ಮಠದಲ್ಲಿದ್ದ ಹೆಣ್ಣುಮಕ್ಕಳ ಸಮೀಪ ಇರಬೇಕೆಂದು. ಹಿರಿಯ ಮಗಳು ವರ್ಜೀನಿಯಾ 1600ರಲ್ಲಿ ಹುಟ್ಟಿದವಳು. ತಂದೆತಾಯಿಗಳಿಗೆ ವಿಧಿವತ್ತಾಗಿ ಮದುವೆಯಾಗಿರಲಿಲ್ಲವಾದ್ದರಿಂದ ಅವಳಿಗೆ ವರ ದೊರೆಯುವುದು ಕಷ್ಟವೆಂದು, ಹದಿಮೂರನೆಯ ವಯಸ್ಸಿನಲ್ಲೇ ಮಠಕ್ಕೆ ಸೇರಿಸಿದನು. ಅವಳ ಸಂನ್ಯಾಸದ ಹೆಸರು ಮರಿಯಾ ಚೆಲೆಸ್ತೆ. ಆಕಾಶವನ್ನು ಸೂಚಿಸುವ ಹೆಸರು. ಅವಳು ತಂದೆಗೆ ಬರೆದ 124 ಪತ್ರಗಳು ಉಳಿದಿವೆ. ತಂದೆಯ ಬಟ್ಟೆಗಳ ಹೊಲಿಗೆ, ಅವನ ಬರೆಹದ ಪ್ರತಿ ತೆಗೆಯುವುದು, ಅವನು ರೋಮಿನಲ್ಲಿದ್ದಾಗ ಮನೆಯ ಲೆಕ್ಕ, ತೋಟದ ಹಣ್ಣು, ಎಲ್ಲವೂ ಅವುಗಳಲ್ಲಿವೆ. ಶಿಕ್ಷೆಯ ಭಾಗವಾಗಿ ಗೆಲಿಲಿಯೋ ವಾರಕ್ಕೊಮ್ಮೆ ಏಳು ಪ್ರಾರ್ಥನಾಗೀತಗಳನ್ನು ಪಠಿಸಬೇಕಿತ್ತು. ಆ ಹೊರೆಯನ್ನು ಮಗಳು ತಾನು ವಹಿಸಿಕೊಂಡಳು. 1633ರ ಡಿಸೆಂಬರಿನಲ್ಲಿ ತಂದೆ ಈ ಮನೆಗೆ ಮರಳಿದನು. 1634ರ ಏಪ್ರಿಲ್ 2ರಂದು ಮಗಳು ತೀರಿಕೊಂಡಳು. ಆಗ ಅವಳಿಗೆ 33 ವರ್ಷ, ತಂದೆಗೆ 70.

ಆ ಗೋಡೆಯ ನೆರಳಿನಲ್ಲಿ ಕುಳಿತು ಮಗುವಿಗೆ ಹೇಳಿದೆವು: "ಹೌದು ಮಗೂ, ಅಂದು ಅವನು ತಾನು ನಂಬದ ಮಾತನ್ನು ಓದಿದನು. ಅವನಿಗೆ 69 ವರ್ಷವಾಗಿತ್ತು, ಹೆದರಿದ್ದನು. ಆದರೆ ಸುಮ್ಮನಾಗಲಿಲ್ಲ. ಮಗಳು ಹೋದ ಮೇಲೆ, ಹೊರಗೆ ಕಾಲಿಡಲಾಗದ ಈ ಮನೆಯಲ್ಲಿ ಕುಳಿತು, ಬೀಳುವ ವಸ್ತುವಿನ ವೇಗವೆಷ್ಟು, ಒಂದು ತೊಲೆ ಎಷ್ಟು ಭಾರ ಹೊರಬಲ್ಲದು ಎಂಬುದರ ಲೆಕ್ಕವನ್ನೆಲ್ಲ ಕ್ರಮಗೊಳಿಸಿ ಬರೆದನು. ಇಟಲಿಯಲ್ಲಿ ಅಚ್ಚು ಹಾಕುವಂತಿರಲಿಲ್ಲ. 1638ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಆ ಗ್ರಂಥ ಅಚ್ಚಾಯಿತು. ಅಷ್ಟರಲ್ಲಿ ಅವನಿಗೆ ಕಣ್ಣು ಹೋಗಿತ್ತು."

ಮಗು ತುಸು ಹೊತ್ತು ಸುಮ್ಮನಿದ್ದು ಕೇಳಿತು: "ಮತ್ತೆ ನೀವು ಆ ಇನ್ನೊಂದು ಕಥೆ ಯಾಕೆ ಹೇಳುತ್ತಿದ್ದಿರಿ, ಅಜ್ಜಾರೆ?"

ತಾಯಿ ಮಗಳನ್ನು ಗದರಿಸಹೋದರು. ನಾವು ತಡೆದೆವು. ಕೇಳಲು ಇಂಪಾಗಿತ್ತು, ಆದ್ದರಿಂದ ಪರೀಕ್ಷಿಸಲಿಲ್ಲ ಎಂದೆವು. ಪರೀಕ್ಷಿಸದೆ ಒಪ್ಪಬೇಡಿರೆಂದು ಜಗತ್ತಿಗೆ ತೋರಿಸಿಕೊಟ್ಟವನ ಕಥೆಯನ್ನೇ ನಾವು ಪರೀಕ್ಷಿಸದೆ ಹೇಳುತ್ತಾ ಬಂದಿದ್ದೆವು! ಮಠದಲ್ಲಿ ನಮಗೆ ತರ್ಕ ಕಲಿಸಿದ ಗುರುಗಳು ಪ್ರತಿ ಮಾತಿಗೂ, ಇದಕ್ಕೆ ಪ್ರಮಾಣವೇನು, ಎಂದು ಕೇಳುತ್ತಿದ್ದರು. ಅವರಿಲ್ಲದಾಗ ಆ ಪ್ರಶ್ನೆಯನ್ನು ಒಂದು ಮಗು ಕೇಳಿತು.

ಊರು ಬಿಡುವ ಮುನ್ನ ಸಾಂತಾ ಕ್ರೋಚೆ ಚರ್ಚಿನಲ್ಲಿ ಸಮಾಧಿಯನ್ನು ಕಂಡೆವು. 1642ರಲ್ಲಿ ಗೆಲಿಲಿಯೋ ತೀರಿಕೊಂಡಾಗ ಸ್ಮಾರಕ ಕಟ್ಟಲು ಪೋಪ್ ಒಪ್ಪಲಿಲ್ಲ. 95 ವರ್ಷ ಅವನ ಶರೀರ ಒಂದು ಚಿಕ್ಕ ಕೋಣೆಯಲ್ಲಿತ್ತು. 1737ರಲ್ಲಿ ತೆರೆದಾಗ ಅವನ ಅಸ್ಥಿಯ ಬಳಿ ಒಬ್ಬ ಹೆಣ್ಣುಮಗಳ ಅಸ್ಥಿಯೂ ದೊರೆಯಿತು. ಅದು ಮರಿಯಾ ಚೆಲೆಸ್ತೆಯದೇ ಎಂದು ಬಲ್ಲವರು ಭಾವಿಸುತ್ತಾರೆ. ಅದನ್ನೂ ತಂದೆಯ ಜೊತೆಗೇ ಇರಿಸಿದರು. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಗೆಲಿಲಿಯೋನ ವಿಷಯದಲ್ಲಿ ಅಂದಿನ ದೇವಶಾಸ್ತ್ರಜ್ಞರು ತಪ್ಪಿದರೆಂದು ಒಪ್ಪಿದರು. ತಪ್ಪನ್ನು ಒಪ್ಪಲು ಪೀಠಕ್ಕೆ 359 ವರ್ಷ ಹಿಡಿಯಿತು.

ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಉಪನ್ಯಾಸದ ಪುಸ್ತಕವನ್ನು ತೆಗೆದು ಆ ಒಂದು ಸಾಲನ್ನು ಹೊಡೆದು ಹಾಕಿದೆವು. ಅದರ ಪಕ್ಕದಲ್ಲಿ ಲೈಡನ್, 1638 ಎಂದು ಬರೆದೆವು. ನಿಮ್ಮ ಮನೆಯ ಮಕ್ಕಳು ನಾಳೆ ಇಂಥ ಪ್ರಶ್ನೆ ಕೇಳಿದರೆ, ತಾಯಂದಿರೇ, ತಂದೆಯರೇ, ದಯಮಾಡಿ ಗದರಿಸಬೇಡಿರಿ.