ಸೀಸದ ತಗಡಿನ ಕೆಳಗೆ

ಇವತ್ತು ಅಗ್ಗಿಷ್ಟಿಕೆಗೆ ಇನ್ನೆರಡು ಕೊರಡು ಹಾಕಿ. ಬೆಂಕಿಯ ಕಥೆಯೊಂದಿದೆ, ಬೇಗ ಮುಗಿಯುವಂಥದ್ದಲ್ಲ.

ಶುರುವಾದದ್ದು ಮೂರು ಗುಡಿಸಲುಗಳಿಂದ. 1174ರ ಸೆಪ್ಟೆಂಬರ್ 5, ಮಧ್ಯಾಹ್ನ ಮೂರರ ಹೊತ್ತು. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ತೆಂಕಣ ಗಾಳಿ ರೊಚ್ಚಿಗೆದ್ದು ಬೀಸುತ್ತಿತ್ತು. ದೊಡ್ಡ ಚರ್ಚಿನ ಹೆಬ್ಬಾಗಿಲ ಆಚೆಗಿದ್ದ ಗುಡಿಸಲುಗಳಿಗೆ ಬೆಂಕಿ ಬಿತ್ತು. ಊರವರು ಓಡಿಬಂದರು, ನೀರು ಸುರಿದರು, ಆರಿಸಿದರು. ಗುಡಿಸಲು ಹೋದರೂ ಚರ್ಚು ಉಳಿಯಿತಲ್ಲ ಎಂದುಕೊಂಡು ಮನೆ ಸೇರಿದರು.

ಕಿಡಿಗಳು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಚರ್ಚಿನ ಮಾಡಿಗೆ ಸೀಸದ ತಗಡು ಹೊದಿಸಿತ್ತು. ಗಾಳಿ ಅವನ್ನು ತಗಡಿನ ಸಂದಿಗಳೊಳಗೆ ನುಗ್ಗಿಸಿಬಿಟ್ಟಿತ್ತು. ಒಳಗೆ ಅರ್ಧ ಲಡ್ಡಾದ ಹಲಗೆಗಳು, ಅದರ ಕೆಳಗೆ ಜಂತೆಗಳು. ಮೇಲಿನಿಂದ ನೋಡಿದರೆ ಸೀಸ, ಕೆಳಗಿನಿಂದ ನೋಡಿದರೆ ಚೆಂದವಾಗಿ ಬಣ್ಣ ಬಳಿದ ಮರದ ಒಳಮಾಡು. ನಡುವೆ ಬೆಂಕಿ ಯಾರ ಕಣ್ಣಿಗೂ ಬೀಳದೆ ತಿನ್ನುತ್ತಾ ಹೋಯಿತು. ಸೀಸ ಕರಗಿ ಜ್ವಾಲೆ ಹೊರಗೆ ತಲೆ ಹಾಕಿದಾಗಲೇ ಯಾರೋ ಕೂಗಿದ್ದು, ಅಯ್ಯೋ, ಚರ್ಚು ಉರೀತಿದೆ ಅಂತ.

ಇದನ್ನೆಲ್ಲ ಬರೆದಿಟ್ಟವನು ಜರ್ವೇಸ್, ಅದೇ ಮಠದ ಸನ್ಯಾಸಿ. ಆಗ ಅವನಿಗೆ ಮೂವತ್ತು ದಾಟಿತ್ತು. ಹನ್ನೊಂದು ವರ್ಷದ ಹಿಂದೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಮುಂದೆ ದೀಕ್ಷೆ ಪಡೆದವನು. ಆ ಬೆಕೆಟ್‌ನನ್ನು 1170ರ ಡಿಸೆಂಬರ್ 29ರಂದು ರಾಜನ ಕಡೆಯ ನೈಟ್‌ಗಳು ಇದೇ ಚರ್ಚಿನೊಳಗೆ ಕತ್ತಿಯಿಂದ ಕಡಿದರು. 1173ರಲ್ಲಿ ಪೋಪ್ ಅವನನ್ನು ಸಂತನೆಂದು ಸಾರಿದರು. ನೆಲಮಾಳಿಗೆಯಲ್ಲಿದ್ದ ಅವನ ಗೋರಿಗೆ ಜನ ಹಿಂಡುಹಿಂಡಾಗಿ ಬರತೊಡಗಿದ್ದರು. ಇಂಥ ಸಮಯದಲ್ಲಿ ಮೇಲೆ ಬೆಂಕಿ.

ನೀರು ಹೊತ್ತವರು, ಕೊಡಲಿ ಹಿಡಿದವರು ಮೆಟ್ಟಿಲು ಹತ್ತಿ ಮೇಲೆ ಹೋದರು. ಅಲ್ಲಿ ಕಪ್ಪು ಹೊಗೆ, ಕಾಲಿಡುವಂತಿರಲಿಲ್ಲ. ಉರಿಯುವ ತೊಲೆಗಳು ಕ್ವಾಯರಿನೊಳಕ್ಕೆ, ಅಂದರೆ ಸನ್ಯಾಸಿಗಳು ಕೂತು ಪ್ರಾರ್ಥನೆ ಹಾಡುವ ಭಾಗಕ್ಕೆ, ಅವರ ಮರದ ಪೀಠಗಳ ಮೇಲೇ ಬಿದ್ದವು. ಪೀಠಗಳು ಹೊತ್ತಿಕೊಂಡವು, ಆ ಉರಿಗೆ ಕಲ್ಲಿನ ಕಂಬಗಳು ಸೀದು ಬಿರಿದವು. ಜನ ಪರದೆ, ಜರತಾರಿ ಬಟ್ಟೆ ಎಳೆದುಕೊಂಡು ಓಡಿದರು. ಕೆಲವರು ಉಳಿಸಲು, ಕೆಲವರು ಕದಿಯಲು. ಜರ್ವೇಸ್ ಎರಡನ್ನೂ ಮುಚ್ಚಿಡದೆ ಬರೆಯುತ್ತಾನೆ. ಸಂತರ ಅಸ್ಥಿಗಳಿದ್ದ ಪೆಟ್ಟಿಗೆಗಳು ಎತ್ತರದ ತೊಲೆಯಿಂದ ಬಿದ್ದು ಒಡೆದವು, ಸನ್ಯಾಸಿಗಳು ನೆಲದ ಮೇಲಿಂದ ಅವನ್ನು ಹೆಕ್ಕಿಕೊಂಡರು. ಊರವರು ಗೋಡೆಗೆ ತಲೆ ಚಚ್ಚಿಕೊಂಡರು. ಚರ್ಚನ್ನು ಕಾಯಬೇಕಿದ್ದ ದೇವರನ್ನೂ ಸಂತರನ್ನೂ ಬಾಯಿಗೆ ಬಂದಂತೆ ಬೈದರು. ಇದನ್ನು ಒಬ್ಬ ಸನ್ಯಾಸಿಯೇ ಬರೆದಿದ್ದಾನೆ ಎನ್ನುವುದಕ್ಕೇ ನನಗೆ ಅವನು ಇಷ್ಟ.

ಮುಂದೆ ಐದು ವರ್ಷಕ್ಕೂ ಮೇಲೆ ಅವರ ಪ್ರಾರ್ಥನೆ ನಡೆದದ್ದು ಚರ್ಚಿನ ಇನ್ನೊಂದು ತುದಿಯಲ್ಲಿ, ಸಾಮಾನ್ಯ ಜನ ನಿಲ್ಲುವ ಕಡೆ. ನಡುವೆ ಒಂದು ಗಿಡ್ಡ ಗೋಡೆ. ಹಾಡುವುದಕ್ಕಿಂತ ಊಳಿಟ್ಟದ್ದೇ ಹೆಚ್ಚು ಎನ್ನುತ್ತಾನೆ ಜರ್ವೇಸ್.

ಕಟ್ಟುವುದು ಹೇಗೆ? ಫ್ರಾನ್ಸಿನಿಂದಲೂ ಇಂಗ್ಲೆಂಡಿನಿಂದಲೂ ಮೇಸ್ತ್ರಿಗಳನ್ನು ಕರೆಸಿದರು. ಬಂದವರಲ್ಲಿ ಒಮ್ಮತವಿಲ್ಲ. ಕಂಬಗಳನ್ನು ರಿಪೇರಿ ಮಾಡಿ ಉಳಿಸಬಹುದು ಎಂದರು ಕೆಲವರು. ಜೀವದ ಮೇಲೆ ಆಸೆಯಿದ್ದರೆ ಪೂರ್ತಿ ಕೆಡವಿ ಎಂದರು ಉಳಿದವರು. ಸನ್ಯಾಸಿಗಳಿಗೆ ಎರಡನೆಯ ಮಾತು ಕೇಳಿಯೇ ಎದೆಯೊಡೆಯಿತು. ಕೊನೆಗೆ ಕೆಲಸ ಸಿಕ್ಕಿದ್ದು ವಿಲಿಯಂ ಎಂಬವನಿಗೆ. ಫ್ರಾನ್ಸಿನ ಸಾನ್ಸ್ ಊರಿನವನು, ಮರದಲ್ಲೂ ಕಲ್ಲಿನಲ್ಲೂ ಪಳಗಿದ ಕೈ. ಬೆಕೆಟ್ ರಾಜನಿಗೆ ಹೆದರಿ ದೇಶ ಬಿಟ್ಟಿದ್ದಾಗ ತಂಗಿದ್ದ ಊರುಗಳಲ್ಲಿ ಸಾನ್ಸ್ ಕೂಡ ಒಂದು.

ಈ ವಿಲಿಯಂ ಮಾಡಿದ್ದು ಕೇಳಿ. ಎಷ್ಟೋ ದಿನ ಮಠದಲ್ಲೇ ಉಳಿದು ಸುಟ್ಟ ಗೋಡೆಗಳನ್ನು ಒಳಗೆ ಹೊರಗೆ, ಮೇಲೆ ಕೆಳಗೆ ತಟ್ಟಿ ತಡವಿ ನೋಡಿದ. ಎಲ್ಲ ಕೆಡವಲೇಬೇಕು ಅಂತ ಅವನಿಗೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಈಗಲೇ ಹೇಳಿದರೆ ಇವರು ತಡೆದುಕೊಳ್ಳಲಾರರು ಎಂದುಕೊಂಡು ಕೆಲಸಕ್ಕೆ ಬೇಕಾದ ಏರ್ಪಾಡುಗಳನ್ನು ಸದ್ದಿಲ್ಲದೆ ಮಾಡುತ್ತಾ ಹೋದ. ಅವರ ಮುಖ ಸ್ವಲ್ಪ ಗೆಲುವಾದದ್ದು ಕಂಡ ಮೇಲೆ ಒಂದು ದಿನ ಹೇಳಿದ. ಮನಸ್ಸಿಲ್ಲದಿದ್ದರೂ ಒಪ್ಪಿದರು. ಅನುಭವಸ್ಥ ಡಾಕ್ಟರು ರೋಗಿಯ ಮನೆಯವರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಆಮೇಲೆ ಬಾಯಿ ತೆರೆಯುತ್ತಾರಲ್ಲ, ಹಾಗೆ.

ಕಲ್ಲು ಸಮುದ್ರದಾಚೆಯಿಂದ, ನಾರ್ಮಂಡಿಯ ಕಾನ್‌ನಿಂದ ಬರಬೇಕು. ಹಡಗಿಗೆ ಕಲ್ಲು ಏರಿಸಲು ಇಳಿಸಲು ಅವನೇ ಯಂತ್ರ ಕಟ್ಟಿಸಿದ. ಪ್ರತಿ ಕಲ್ಲೂ ಯಾವ ಆಕಾರಕ್ಕೆ ಬರಬೇಕೆಂದು ಅಚ್ಚು ಮಾಡಿಸಿ ಕಲ್ಲುಕುಟಿಗರ ಕೈಗೆ ಕೊಟ್ಟ. ಮೊದಲ ವರ್ಷವಿಡೀ ಕೆಡವುವುದೇ ಆಯಿತು. ಆಮೇಲೆ ವರ್ಷಕ್ಕಿಷ್ಟು ಎಂದು ಕಂಬಗಳು ಎದ್ದವು. ದಪ್ಪ ಹಳೆಯವುಗಳಷ್ಟೇ, ಎತ್ತರ ಮಾತ್ರ ಹತ್ತಿರ ಹತ್ತಿರ ಹನ್ನೆರಡು ಅಡಿ ಹೆಚ್ಚು. ಹಳೆಯ ಚರ್ಚನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಜರ್ವೇಸ್ ಹೋಲಿಸುತ್ತಾನೆ: ಮೊದಲಿನ ಬೋದಿಗೆಗಳು ಬರಿ ಬೋಳು, ಕೊಡಲಿಯಲ್ಲಿ ಕೆತ್ತಿದ್ದು; ಈಗ ಉಳಿಯ ಕೆಲಸ, ಎಲೆಬಳ್ಳಿ. ಮೊದಲು ಅಮೃತಶಿಲೆಯ ಕಂಬವೇ ಇರಲಿಲ್ಲ, ಈಗ ಎಣಿಸಲಾರದಷ್ಟು. ಮೊದಲು ಮರದ ಒಳಮಾಡು, ಈಗ ಕಮಾನಿನ ಪಕ್ಕೆಗಳ ಮೇಲೆ ನಿಂತ ಕಲ್ಲಿನ ಚಾವಣಿ. ತನ್ನ ಕಾಲದಲ್ಲಿ ಕಟ್ಟುವ ರೀತಿಯೇ ಬದಲಾದದ್ದನ್ನು ಅದು ಬದಲಾಗುತ್ತಿದ್ದಾಗಲೇ ಗುರುತಿಸಿ ಬರೆದವರು ಯುರೋಪಿನಲ್ಲಿ ಬಹಳ ಕಡಿಮೆ. ಗೋಥಿಕ್ ಎಂದು ನಾವೀಗ ಕರೆಯುವ ಶೈಲಿ ಇಂಗ್ಲೆಂಡಿನಲ್ಲಿ ಇಷ್ಟು ದೊಡ್ಡದಾಗಿ ಕಾಲೂರಿದ್ದು ಇಲ್ಲೇ.

1178ರ ಶರತ್ಕಾಲ. ದೊಡ್ಡ ಕಮಾನು ಕೂರಿಸುವ ತಯಾರಿಯಲ್ಲಿ ವಿಲಿಯಂ ಸಾರುವೆಯ ಮೇಲೆ ನಿಂತಿದ್ದ. ಕಾಲಡಿಯ ತೊಲೆ ಮುರಿಯಿತು. ಐವತ್ತು ಅಡಿ ಎತ್ತರದಿಂದ ಬಿದ್ದ, ಅವನ ಜೊತೆಗೇ ಕಲ್ಲು, ಮರ. ಬೇರೆ ಯಾರಿಗೂ ಗೀರು ಕೂಡ ಆಗಲಿಲ್ಲ. ಇದು ದೇವರ ಕೋಪವೋ ಸೈತಾನನ ಹೊಟ್ಟೆಕಿಚ್ಚೋ ಎಂದು ಜರ್ವೇಸ್‌ಗೇ ಇತ್ಯರ್ಥವಾಗಲಿಲ್ಲ. ಹಾಸಿಗೆ ಹಿಡಿದ ವಿಲಿಯಂ ಅಲ್ಲಿಂದಲೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುತ್ತಾ ಕೆಲಸ ನಡೆಸಿದ. ಅವನ ಮಾತನ್ನು ಮೇಲಕ್ಕೆ ಮುಟ್ಟಿಸಲು ಕಲ್ಲುಕೆಲಸದ ಉಸ್ತುವಾರಿಯಲ್ಲಿದ್ದ ಚುರುಕಾದ ಒಬ್ಬ ಸನ್ಯಾಸಿಯನ್ನು ಆರಿಸಿಕೊಂಡ. ದೊಡ್ಡವರನ್ನೆಲ್ಲ ಬಿಟ್ಟು ಈ ಹುಡುಗನನ್ನು ಮೆರೆಸುತ್ತಿದ್ದಾನೆ ಎಂದು ಮಠದಲ್ಲಿ ಹೊಟ್ಟೆಕಿಚ್ಚು ಹುಟ್ಟಿತಂತೆ. ಆ ಸನ್ಯಾಸಿಯ ಹೆಸರು ಜರ್ವೇಸ್ ಕೊಡುವುದಿಲ್ಲ. ಅದು ಅವನೇ ಇರಬೇಕು ಎಂಬುದು ನನ್ನ ಗುಮಾನಿ. ಇಲ್ಲದಿದ್ದರೆ ಅಚ್ಚು, ಸಾರುವೆ, ಕಂಬದ ಅಳತೆ ಇವೆಲ್ಲ ಅಷ್ಟು ಕರಾರುವಾಕ್ಕಾಗಿ ಯಾಕೆ ಗೊತ್ತಿರಬೇಕು?

ಯಾವ ವೈದ್ಯನ ಮದ್ದೂ ನಾಟಲಿಲ್ಲ. ವಿಲಿಯಂ ಕೆಲಸ ಬಿಟ್ಟು ಊರಿಗೆ ಮರಳಿದ. ಅವನ ಜಾಗಕ್ಕೆ ಬಂದವನೂ ವಿಲಿಯಂ, ಈ ಸಲ ಇಂಗ್ಲೆಂಡಿನವನು. ಆಳು ಸಣ್ಣ, ಕೆಲಸದಲ್ಲಿ ಜಾಣ, ಪ್ರಾಮಾಣಿಕ. 1180ರ ಈಸ್ಟರ್‌ಗೆ ಸನ್ಯಾಸಿಗಳು ಹೊಸ ಕ್ವಾಯರಿಗೆ ಕಾಲಿಟ್ಟರು. ಅದರಾಚೆ, ಮೂಡಣ ತುದಿಗೆ, ಬೆಕೆಟ್‌ನ ಗೋರಿಯ ನೇರ ಮೇಲೆ ಹೊಸ ಟ್ರಿನಿಟಿ ಚಾಪೆಲ್ ಏಳಬೇಕಿತ್ತು. ಕೆಳಗೆ ಯಾತ್ರಿಕರು, ಮೇಲೆ ಕಲ್ಲು ಬೀಳುವ ಕೆಲಸ. ಹಾಗಾಗಿ ಗೋರಿಯ ಸುತ್ತ ಮರದ ಪುಟ್ಟ ಚಾಪೆಲ್ ಕಟ್ಟಿ, ಅದರ ಹೊರಗೆ ಪಾಯ ಹಾಕಿದರು. 1184ಕ್ಕೆ ಮುಗಿಯಿತು.

ಮಗಳು ಆ ಊರಲ್ಲಿ ಓದುತ್ತಿದ್ದಾಗ ಹೋಗಿ ನೋಡಿದ್ದೇನೆ. ಕ್ವಾಯರಿನಿಂದ ಮೂಡಣಕ್ಕೆ ಮುಖ ಮಾಡಿ ನಿಂತರೆ ಎರಡೂ ಬದಿಯ ಕಂಬಸಾಲು ಇದ್ದಕ್ಕಿದ್ದಂತೆ ಒಳಕ್ಕೆ ಬಾಗುತ್ತದೆ, ಯಾರೋ ಕಟ್ಟಡದ ಸೊಂಟ ಹಿಡಿದು ಹಿಂಡಿದ್ದಾರೆ ಎನಿಸಬೇಕು. ಬೆಂಕಿಯಲ್ಲಿ ಉಳಿದ ಹಳೆಯ ಎರಡು ಗೋಪುರಗಳು ಅಲ್ಲಿ ಅಕ್ಕಪಕ್ಕ ನಿಂತಿದ್ದವು. ಅವನ್ನು ಕೆಡವಲು ಮನಸ್ಸಾಗದೆ ಹೊಸ ಚರ್ಚೇ ಅವುಗಳ ನಡುವೆ ಮೈ ಕುಗ್ಗಿಸಿಕೊಂಡು ಮುಂದಕ್ಕೆ ಹೋಗಿದೆ. ದಾಟಿದರೆ ಮತ್ತೆ ಅಗಲ. ಅಲ್ಲಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಶತಮಾನಗಳ ಯಾತ್ರಿಕರ ಕಾಲಿಗೂ ಮಂಡಿಗೂ ಸವೆದು ಮೆಟ್ಟಿಲುಗಳ ನಡುಭಾಗ ಹಳ್ಳಬಿದ್ದಿದೆ. 1220ರ ಜುಲೈ 7ರಂದು ಬೆಕೆಟ್‌ನ ಅಸ್ಥಿಯನ್ನು ನೆಲಮಾಳಿಗೆಯಿಂದ ತಂದು ಇಲ್ಲಿ ಚಿನ್ನದ ತಗಡಿನ, ರತ್ನ ಕೂರಿಸಿದ ಪೆಟ್ಟಿಗೆಯಲ್ಲಿಟ್ಟರು. 1538ರಲ್ಲಿ ಎಂಟನೆಯ ಹೆನ್ರಿ ಅದನ್ನು ಒಡೆಸಿ ಚಿನ್ನವನ್ನು ಖಜಾನೆಗೆ ಸಾಗಿಸಿದ. ಈಗ ಬರಿ ನೆಲ, ಒಂದು ಮೇಣದಬತ್ತಿ.

ಸುತ್ತಲಿನ ಬಣ್ಣದ ಗಾಜಿನ ಕಿಟಕಿಗಳು ಪೂರ್ತಿ ಹೋಗಿಲ್ಲ. ಸಂತನ ಪವಾಡಗಳ ಚಿತ್ರ. ದೊರೆಗಳಿಗಿಂತ ಹೆಚ್ಚು ಸಾಮಾನ್ಯರೇ ಇದ್ದಾರೆ. ಫೋರ್ಡ್‌ವಿಚ್ ಎಂಬ ಹತ್ತಿರದ ಊರಿನ ಹುಚ್ಚು ಹಿಡಿದ ಹೆನ್ರಿಯನ್ನು ಕೈ ಕಟ್ಟಿ, ದೊಣ್ಣೆಯಲ್ಲಿ ಹೊಡೆಯುತ್ತಾ ಗೋರಿಗೆ ಎಳೆತರುತ್ತಿದ್ದಾರೆ. ಪಕ್ಕದ ಚಿತ್ರದಲ್ಲಿ ಅವನು ಮಂಡಿಯೂರಿದ್ದಾನೆ, ಹಗ್ಗ ದೊಣ್ಣೆ ನೆಲದ ಮೇಲೆ ಬಿದ್ದಿವೆ. ಅಕ್ಷರ ಬಾರದ ಯಾತ್ರಿಕನಿಗೂ ಏನಾಯಿತೆಂದು ಹೇಳಬೇಕಿಲ್ಲ. ನನಗೆ ಚಿನ್ನದ ಪೆಟ್ಟಿಗೆ ನೋಡಲಾಗಲಿಲ್ಲವೆಂಬ ಕೊರಗು ಆ ದೊಣ್ಣೆ ಕಂಡ ಮೇಲೆ ಉಳಿಯಲಿಲ್ಲ.

ಭಾವ ಆಗಿನಿಂದ ಏನೋ ಕೇಳಬೇಕೆಂದು ಕಾಯುತ್ತಿದ್ದಾರೆ. ಗೊತ್ತು ಭಾವ, ನೀವು ವಕೀಲರು. ಸಂತನೊಬ್ಬ ಸಿಕ್ಕ ಮರುವರ್ಷವೇ ಹಳೆ ಕಟ್ಟಡ ಉರಿದುಹೋಯಿತು, ಯಾತ್ರಿಕರಿಗೆ ಬೇಕಾದಂಥ ಹೊಸದು ಎದ್ದಿತು, ಸನ್ಯಾಸಿಗಳೇ ಇಟ್ಟ ಬೆಂಕಿ ಯಾಕಾಗಿರಬಾರದು ಅಂತ ತಾನೆ? ಈಚಿನ ಕಾಲದ ವಿದ್ವಾಂಸರಲ್ಲೂ ಈ ಅನುಮಾನ ಎದ್ದಿದೆ. ನಾನು ಒಪ್ಪುವುದಿಲ್ಲ. ಹೊಸ ಚರ್ಚೇ ಬೇಕಿದ್ದವರಾದರೆ ಸೀದ ಕಂಬಗಳನ್ನು ಉಳಿಸಿಕೊಡುವವರು ಯಾರಾದರೂ ಇದ್ದಾರೆಯೇ ಎಂದು ಯಾಕೆ ಹುಡುಕುತ್ತಿದ್ದರು? ಕೆಡವಬೇಕು ಎಂಬ ಮಾತನ್ನು ವಿಲಿಯಂ ಅಷ್ಟು ದಿನ ಯಾಕೆ ನುಂಗಿಕೊಂಡಿರಬೇಕಿತ್ತು?

‘ಅದನ್ನೂ ಜರ್ವೇಸೇ ಕಟ್ಟಿ ಬರೆದಿದ್ದರೆ?’ ಅಂದರು ಭಾವ.

ಹಾಗಿದ್ದರೆ ಅವನು ನಿಮ್ಮನ್ನೂ ಮೀರಿಸಿದ ವಕೀಲ ಬಿಡಿ ಅಂದೆ.