ಜುಲೈ ತಿಂಗಳ ಲೆಕ್ಕ

ಪುಣೆಗೆ ಬಂದು ಹದಿನಾರು ವರ್ಷ. ಮಗಳು ಮಲಗಿದ ಮೇಲೆ ಆನ್‌ಲೈನ್ ಪೋಕರ್ ಆಡುತ್ತಿದ್ದೆ. ಆಫೀಸಿನ ಚಾಳಿ, ತಿಂಗಳ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ. 2025ರ ಜುಲೈ: 22 ರಾತ್ರಿ, 38,400 ರೂಪಾಯಿ ನಷ್ಟ.

ಒಂದು ರಾತ್ರಿ ಕೈಗೆ ಎರಡು ಎಕ್ಕ ಬಂದವು. ಸರಾಸರಿ 221 ಸಲಕ್ಕೊಮ್ಮೆ ಬರುವ ಜೋಡಿ. ಎದುರಾಳಿಯ ಬಳಿ ಎರಡು ರಾಜ. ಮೇಜಿಗೆ ಎಲೆ ಬೀಳುವ ಮುನ್ನವೇ ಇಬ್ಬರೂ ಇದ್ದುದನ್ನೆಲ್ಲ ಕಟ್ಟಿದೆವು. ನಾನು ಗೆಲ್ಲುವ ಸಾಧ್ಯತೆ ಸುಮಾರು ಶೇ. 82. ಕೊನೆಯ ಎಲೆ ರಾಜ!

ಫಲ ನೋಡಿ ನಿರ್ಧಾರವನ್ನು ಅಳೆಯಬೇಡಿ ಎಂದು ನನ್ನ ಟೀಮಿಗೆ ನಾನೇ ಹೇಳುತ್ತಿರುತ್ತೇನೆ. ಆ ಕೈಯಲ್ಲಿ ನನ್ನ ತಪ್ಪಿರಲಿಲ್ಲ. ತಪ್ಪಿದ್ದು ಆಮೇಲೆ. ಕಳೆದದ್ದನ್ನು ವಾಪಸ್ ತರಲು ಬೆಳಗಿನ ಮೂರರವರೆಗೆ ಕೂತು, ಬಿಡಬೇಕಾದ ಎಲೆಗಳನ್ನೆಲ್ಲ ಆಡಿದೆ. ತಿಂಗಳ ನಷ್ಟದ ಮುಕ್ಕಾಲು ಪಾಲು ಆ ಮೂರು ತಾಸಿನದು.

ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿತು. ನಾನು ಬಿಟ್ಟೆ ಎನ್ನಲಾರೆ, ಬಿಡಿಸಿದ್ದು ಕಾನೂನು.

ಕಳೆದ ವಾರ ಎಕ್ಸೆಲ್ ತೆಗೆದು ಹೆಂಡತಿಗೆ ತೋರಿಸಿದೆ. ಆಕೆ ಮೊತ್ತ ನೋಡಲಿಲ್ಲ, ತಾರೀಖು ನೋಡಿದಳು.

“ಅವತ್ತು ರಾತ್ರಿ ಆಫೀಸಿನ ರಿಲೀಸ್ ಅದ ಅಂದಿದ್ರಲ್ಲ?”